ಜೋಗುಳದ ಹಾಡು ಮತ್ತು ಬಾಣಂತಿಯ ಆರೋಗ್ಯ

ಆರೋಗ್ಯವೆಂದರೆ ಮೈಯಲ್ಲಿ ರೋಗವಿಲ್ಲದಿರುವುದಷ್ಟೇ ಅಲ್ಲ. ದೇಹ, ಮನಸ್ಸು ಹಾಗೂ ಸಾಮಾಜಿಕ ಬಾಳ್ವೆ ಈ ಮೂರೂ ನೆಮ್ಮದಿಯಿಂದಿರುವ ಸ್ಥಿತಿಯೇ ಆರೋಗ್ಯವೆಂದು 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಸಾರಿದೆ. ಹೆರಿಗೆಯ ವಿಷಯದಲ್ಲಿ ದೇಹದ ಆರೈಕೆಯ ಬಗ್ಗೆ ನಮ್ಮ ಗ್ರಾಮೀಣ ಕುಟುಂಬಗಳು ಇಂದು ಸಾಕಷ್ಟು ತಿಳಿವಳಿಕೆಯನ್ನು ಪಡೆದಿವೆ. ಗರ್ಭಿಣಿಯ ಹೆಸರು ನೋಂದಾಯಿಸುವುದು, ಚುಚ್ಚುಮದ್ದು ಹಾಕಿಸುವುದು, ಕಬ್ಬಿಣಾಂಶದ ಮಾತ್ರೆ ನುಂಗಿಸುವುದು, ಆಸ್ಪತ್ರೆಯಲ್ಲಿಯೇ ಹೆರಿಗೆ ಮಾಡಿಸುವುದು ಇವೆಲ್ಲವೂ ರೂಢಿಗೆ ಬಂದಿವೆ. ಆದರೆ ಹೆರಿಗೆಯಾದ ಹೆಣ್ಣುಮಗಳ ಮನಸ್ಸು ಹೇಗಿದೆಯೆಂದು ವಿಚಾರಿಸುವವರು ವಿರಳ. ಬಾಣಂತಿಯ ಮನಸ್ಸು ಕುಗ್ಗಿದರೆ ಅದರ ಪರಿಣಾಮ ಅವಳ ಊಟ, ನಿದ್ದೆ ಹಾಗೂ ಹಾಲೂಡಿಕೆಯ ಮೇಲೂ, ಕೂಸಿನ ಬೆಳವಣಿಗೆಯ ಮೇಲೂ ಆಗುತ್ತದೆ. ಈ ಮನಸ್ಸಿಗೆ ಆಸರೆಯಾಗಬಲ್ಲ, ಹಣ ಖರ್ಚಿಲ್ಲದ, ನಮ್ಮ ಮನೆಗಳಲ್ಲಿಯೇ ಇರುವ ಒಂದು ಸಾಧನವೆಂದರೆ ಹಾಡು. ಹಾಡು ಎಷ್ಟರಮಟ್ಟಿಗೆ ನೆರವಾಗುತ್ತದೆ, ಎಲ್ಲಿ ಅದು ಸಾಲದು, ಎಂಬ ಎರಡನ್ನೂ ದಂಪತಿಗಳು ಅರಿತಿರುವುದು ಅವಶ್ಯಕ.

ನಮ್ಮ ಮನೆಗಳಲ್ಲಿ ಹಾಡಿನ ಸ್ಥಾನ

ನಮ್ಮ ಹಳ್ಳಿಗಳಲ್ಲಿ ಹಾಡು ಎಂದೂ ಕೇವಲ ಮನರಂಜನೆಯಾಗಿರಲಿಲ್ಲ. ಬೀಸುವಾಗ, ಕುಟ್ಟುವಾಗ, ನಾಟಿ ಮಾಡುವಾಗ, ಮದುವೆಯಲ್ಲಿ, ಸೀಮಂತದಲ್ಲಿ, ತೊಟ್ಟಿಲಿಗೆ ಹಾಕುವ ದಿನ ಹೆಂಗಸರು ಹಾಡುತ್ತಿದ್ದರು. ವಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಪ್ರಕಟಿಸಿದರು. ತವರಿನ ನೆನಪು, ಅತ್ತೆಮನೆಯ ಕಷ್ಟ, ಕೂಸಿನ ಮೇಲಿನ ಮಮತೆ, ಮಕ್ಕಳಿಲ್ಲದ ಕೊರಗು ಇವೆಲ್ಲವನ್ನೂ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಹಾಡಿನ ರೂಪದಲ್ಲಿ ಹೇಳಿಕೊಳ್ಳುತ್ತಿದ್ದರು. ಮಾತಿನಲ್ಲಿ ಆಡಲಾಗದ ದುಃಖ ಹಾಡಿನಲ್ಲಿ ಹೊರಬರುತ್ತಿತ್ತು. ಜೊತೆಗೆ ಕುಳಿತು ಬೀಸುತ್ತಿದ್ದ ಮತ್ತೊಬ್ಬ ಹೆಂಗಸು ಅದಕ್ಕೆ ದನಿಗೂಡಿಸುತ್ತಿದ್ದಳು.

ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಶ್ರಮ ತಪ್ಪಿತು. ಅದು ಒಳ್ಳೆಯದೇ ಆಯಿತು. ಆದರೆ ಶ್ರಮದೊಡನೆ ಹಾಡೂ ಹೋಯಿತು, ಇಬ್ಬರು ಒಟ್ಟಿಗೆ ಕುಳಿತು ಮನಸ್ಸು ಹಗುರ ಮಾಡಿಕೊಳ್ಳುವ ಹೊತ್ತೂ ಹೋಯಿತು. ಜೋಗುಳ ಮಾತ್ರ ಅಲ್ಲಲ್ಲಿ ಉಳಿದುಕೊಂಡಿದೆ. ಅನೇಕ ಮನೆಗಳಲ್ಲಿ ಅದರ ಸ್ಥಾನಕ್ಕೂ ಮೊಬೈಲು ಬಂದಿದೆ.

ಹಾಡು ದೇಹದಲ್ಲಿ ಮಾಡುವ ಕೆಲಸ

ಹಾಡುವಾಗ ನಾವು ಉಸಿರನ್ನು ಬೇಗನೆ ಒಳಗೆಳೆದುಕೊಂಡು, ಸಾಲು ಮುಗಿಯುವವರೆಗೆ ನಿಧಾನವಾಗಿ ಹೊರಬಿಡುತ್ತೇವೆ. ಹೀಗೆ ದೀರ್ಘವಾಗಿ ಉಸಿರು ಬಿಡುವುದರಿಂದ ನಾಡಿಯ ಬಡಿತ ಶಾಂತವಾಗುತ್ತದೆ, ಬಿಗಿದ ಮೈ ಸಡಿಲಾಗುತ್ತದೆ. ಹಾಡಿನ ಸಾಲುಗಳನ್ನು ನೆನಪಿಸಿಕೊಳ್ಳುವಲ್ಲಿ ಮನಸ್ಸು ತೊಡಗುವುದರಿಂದ, ಒಂದೇ ಚಿಂತೆಯನ್ನು ಮತ್ತೆ ಮತ್ತೆ ಮೆಲುಕು ಹಾಕುವುದು ಆ ಹೊತ್ತಿನ ಮಟ್ಟಿಗಾದರೂ ನಿಲ್ಲುತ್ತದೆ. ನಾಲ್ಕು ಜನ ಸೇರಿ ಹಾಡಿದಾಗ ‘ನಾನು ಒಂಟಿಯಲ್ಲ’ ಎಂಬ ಭಾವನೆ ಮೂಡುತ್ತದೆ. ಉಸಿರು, ಗಮನ, ಸಹವಾಸ ಇವು ಹಾಡು ನೆರವಾಗುವ ಮೂರು ಮುಖ್ಯ ಮಾರ್ಗಗಳು.

ನೋವಿನ ವಿಷಯದಲ್ಲಿಯೂ ಸಂಗೀತದ ಪ್ರಯೋಜನವನ್ನು ವೈದ್ಯರು ಪರೀಕ್ಷಿಸಿ ನೋಡಿದ್ದಾರೆ. ಶಸ್ತ್ರಚಿಕಿತ್ಸೆಗೆ ಒಳಗಾದವರ ಮೇಲೆ ನಡೆದ 73 ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯು ಪ್ರಕಟಿಸಿದ ಪರಿಶೀಲನೆಯ ಪ್ರಕಾರ, ಸಂಗೀತ ಕೇಳಿದವರಲ್ಲಿ ನೋವು ಮತ್ತು ಆತಂಕ ಕಡಿಮೆಯಾಗಿದ್ದವು. ನೋವಿನ ಔಷಧಿಯೂ ಕಡಿಮೆ ಸಾಕಾಗಿತ್ತು. ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿಕೊಂಡ ತಾಯಿಗೂ ತನಗೆ ಪ್ರಿಯವಾದ ಹಾಡನ್ನು ಮೆಲುದನಿಯಲ್ಲಿ ಕೇಳುವುದು ಹಿತಕರವಾಗಬಹುದು. ಆದರೆ ವೈದ್ಯರು ಕೊಟ್ಟ ಔಷಧಿಯನ್ನು ಅದಕ್ಕಾಗಿ ಬಿಡಬಾರದು.

ಗರ್ಭದಲ್ಲಿರುವ ಕೂಸಿಗೆ ಹಾಡು ಕೇಳಿಸುವುದೇ?

ಕೇಳಿಸುತ್ತದೆ. ಬಸುರಿಯ ಆರನೆಯ ತಿಂಗಳ ಹೊತ್ತಿಗೆ ಕೂಸಿನ ಕಿವಿ ಕೆಲಸ ಮಾಡತೊಡಗುತ್ತದೆ. ಹೊರಗಿನ ಸದ್ದು ಅದಕ್ಕೆ ಮಂದವಾಗಿ ಮುಟ್ಟುತ್ತದೆ. ತಾಯಿಯ ದನಿ ಅವಳ ದೇಹದ ಒಳಗಿನಿಂದಲೂ ಬರುವುದರಿಂದ ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ. ಹುಟ್ಟಿ ಮೂರು ದಿನ ತುಂಬುವುದರೊಳಗೆ ಕೂಸುಗಳು ಬೇರೆ ಹೆಂಗಸಿನ ದನಿಗಿಂತ ತಮ್ಮ ತಾಯಿಯ ದನಿಯನ್ನೇ ಬಯಸುತ್ತವೆಯೆಂದು 1980ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಆದಕಾರಣ ಗರ್ಭಿಣಿಯು ಮನೆಗೆಲಸ ಮಾಡುತ್ತಲೋ ದೇವರ ಮುಂದೆ ಕುಳಿತೋ ಹಾಡಿಕೊಳ್ಳುವ ಹಾಡು ವ್ಯರ್ಥವಲ್ಲ. ಕೂಸು ಹುಟ್ಟುವ ಮೊದಲೇ ತಾಯಿಯ ಪರಿಚಯ ಮಾಡಿಕೊಳ್ಳುತ್ತಿರುತ್ತದೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕಾಗಿದೆ. ಗರ್ಭಿಣಿಯ ಹೊಟ್ಟೆಯ ಮೇಲೆ ಸ್ಪೀಕರ್ ಅಥವಾ ಮೊಬೈಲ್ ಇಟ್ಟು ಸಂಗೀತ ಕೇಳಿಸಿದರೆ ಬುದ್ಧಿವಂತ ಮಗು ಹುಟ್ಟುವುದೆಂದು ಕೆಲವರು ಪ್ರಚಾರ ಮಾಡುತ್ತಾರೆ. ಇದಕ್ಕೆ ಆಧಾರವಾಗಿ ತೋರಿಸಲಾಗುವ 1993ರ ಅಮೆರಿಕದ ಪ್ರಯೋಗ ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ; ಅವರಲ್ಲಿ ಕಂಡುಬಂದ ಪ್ರಭಾವವೂ ಕೆಲವು ನಿಮಿಷಗಳದ್ದು ಮಾತ್ರ. ಕೂಸಿನ ಮಿದುಳು ಬೆಳೆಯಲು ತಾಯಿಗೆ ಪೌಷ್ಟಿಕ ಆಹಾರ, ಅಯೋಡಿನ್‌ಯುಕ್ತ ಉಪ್ಪು, ಕಬ್ಬಿಣಾಂಶದ ಮಾತ್ರೆ, ವಿಶ್ರಾಂತಿ ಹಾಗೂ ನೆಮ್ಮದಿ ಬೇಕು. ಹಾಡು ನೆಮ್ಮದಿಯನ್ನು ಕೊಡಬಲ್ಲದು, ಉಳಿದವನ್ನು ಕೊಡಲಾರದು.

ಬಾಣಂತಿಯ ಮನಸ್ಸು

ಹೆರಿಗೆಯಾದ ಮೂರು-ನಾಲ್ಕನೆಯ ದಿನದಲ್ಲಿ ಅನೇಕ ತಾಯಂದಿರಿಗೆ ಕಾರಣವಿಲ್ಲದೆ ಅಳು ಬರುವುದು, ಸಿಡಿಮಿಡಿಯಾಗುವುದು ಉಂಟು. ಇದು ಸಾಮಾನ್ಯ, ವಿಶ್ರಾಂತಿ ಮತ್ತು ಸಮಾಧಾನದ ಮಾತು ದೊರೆತರೆ ಎರಡು ವಾರಗಳೊಳಗೆ ತಾನಾಗಿಯೇ ಹೋಗುತ್ತದೆ. ಎರಡು ವಾರ ಕಳೆದರೂ ದುಃಖ ಇಳಿಯದಿದ್ದರೆ, ಕೂಸು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಊಟ ರುಚಿಸದಿದ್ದರೆ, ಕೂಸನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ, ‘ನಾನು ಒಳ್ಳೆಯ ತಾಯಿಯಲ್ಲ’ ಎಂಬ ಕೊರಗು ಸದಾ ಕಾಡುತ್ತಿದ್ದರೆ ಅದು ಬಾಣಂತಿಯ ಖಿನ್ನತೆಯೆಂಬ ಕಾಯಿಲೆಯಾಗಿರಬಹುದು. ನಮ್ಮ ದೇಶದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನೂರು ತಾಯಂದಿರಲ್ಲಿ ಸುಮಾರು 22 ಮಂದಿಯಲ್ಲಿ ಇದು ಕಂಡುಬರುತ್ತದೆ. ಬಡತನ, ಗಂಡನ ಕುಡಿತ ಹಾಗೂ ಹೊಡೆತ, ಆಸರೆಯಿಲ್ಲದಿರುವುದು, ಹೆಣ್ಣು ಮಗು ಹುಟ್ಟಿತೆಂಬ ಮನೆಯವರ ಮೂದಲಿಕೆ ಇವು ಈ ಕಾಯಿಲೆಯನ್ನು ಹೆಚ್ಚಿಸುತ್ತವೆ. ಇದು ಸೋಮಾರಿತನವಲ್ಲ, ದೆವ್ವದ ಕಾಟವೂ ಅಲ್ಲ, ತಾಯ್ತನದಲ್ಲಿ ಪ್ರೀತಿಯ ಕೊರತೆಯೂ ಅಲ್ಲ.

ಇಂಥ ತಾಯಂದಿರಿಗೆ ಹಾಡುವುದರಿಂದ ಪ್ರಯೋಜನವಾಗುವುದೇ ಎಂದು ಇಂಗ್ಲೆಂಡಿನ ಲಂಡನ್ ನಗರದಲ್ಲಿ ಪರೀಕ್ಷಿಸಲಾಯಿತು. ಖಿನ್ನತೆಯ ಲಕ್ಷಣಗಳಿದ್ದ 134 ತಾಯಂದಿರನ್ನು ಮೂರು ಗುಂಪು ಮಾಡಿ, ಒಂದು ಗುಂಪಿನವರಿಗೆ 10 ವಾರಗಳ ಕಾಲ ತಮ್ಮ ಕೂಸುಗಳೊಡನೆ ಸೇರಿ ಹಾಡುವ ತರಗತಿಗಳನ್ನು, ಮತ್ತೊಂದು ಗುಂಪಿನವರಿಗೆ ಕೂಸುಗಳೊಡನೆ ಆಟದ ತರಗತಿಗಳನ್ನು ನಡೆಸಲಾಯಿತು. ಮೂರನೆಯ ಗುಂಪಿಗೆ ಎಂದಿನ ಆರೈಕೆ ಮಾತ್ರ ದೊರೆಯಿತು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಖಿನ್ನತೆ ಹೆಚ್ಚಾಗಿದ್ದ ತಾಯಂದಿರಲ್ಲಿ ಹಾಡಿನ ಗುಂಪಿನವರು ಉಳಿದವರಿಗಿಂತ ಬೇಗನೆ ಚೇತರಿಸಿಕೊಂಡರು. ಕಾಲ ಕಳೆದಂತೆ ಇತರ ಗುಂಪಿನವರೂ ಸುಧಾರಿಸಿದರು. ಆದರೆ ಎಳೆಕೂಸನ್ನು ಸಾಕುವ ತಾಯಿಗೆ ಒಂದು ತಿಂಗಳು ಮೊದಲೇ ದುಃಖ ಇಳಿಯುವುದೂ ದೊಡ್ಡ ಉಪಕಾರವೇ ಸರಿ. ಆ ತಾಯಂದಿರು ಗಾಯಕಿಯರಾಗಿರಬೇಕಿರಲಿಲ್ಲ ಎಂಬುದು ಗಮನಿಸತಕ್ಕ ಸಂಗತಿ.

ನಮ್ಮ ಹಳ್ಳಿಗಳಲ್ಲಿ ಇಂಥ ಕೂಟವನ್ನು ಕಟ್ಟುವುದು ಕಠಿಣವಲ್ಲ. ಸ್ತ್ರೀಶಕ್ತಿ ಗುಂಪುಗಳಿವೆ, ಭಜನಾ ಮಂಡಳಿಗಳಿವೆ, ಅಂಗನವಾಡಿಗಳಿವೆ. ವಾರಕ್ಕೊಮ್ಮೆ ಬಾಣಂತಿಯರು ಕೂಸುಗಳೊಡನೆ ಅಂಗನವಾಡಿಯಲ್ಲಿ ಕಲೆತು, ಊರಿನ ಹಿರಿಯ ಹೆಂಗಸರಿಂದ ಜೋಗುಳ ಕಲಿತು ಹಾಡಿದರೆ ಮನಸ್ಸಿಗೆ ಆಸರೆ ದೊರೆಯುತ್ತದೆ. ಯಾರು ತೀರ ಮಂಕಾಗಿದ್ದಾರೆ, ಯಾರು ಬರುವುದನ್ನೇ ಬಿಟ್ಟಿದ್ದಾರೆ ಎಂಬುದೂ ಇತರರ ಕಣ್ಣಿಗೆ ಬೀಳುತ್ತದೆ.

ತೂಕ ಕಡಿಮೆಯಿರುವ ಕೂಸಿಗೆ ಎದೆಯ ಕಾವು, ತಾಯಿಯ ದನಿ

ತಿಂಗಳು ತುಂಬುವ ಮೊದಲೇ ಹುಟ್ಟಿದ ಹಾಗೂ ಎರಡೂವರೆ ಕಿಲೋಗ್ರಾಮಿಗಿಂತ ಕಡಿಮೆ ತೂಕವಿರುವ ಕೂಸುಗಳನ್ನು ಬರಿಮೈಯಲ್ಲಿ ತಾಯಿಯ ಎದೆಗಪ್ಪಿಸಿ, ಮೇಲೆ ಬಟ್ಟೆ ಸುತ್ತಿ ಬೆಚ್ಚಗಿಡುವ ಕ್ರಮಕ್ಕೆ ಕಾಂಗರೂ ತಾಯಿ ಆರೈಕೆಯೆಂದು ಹೆಸರು. ಇದು 1978ರಲ್ಲಿ ಕೊಲಂಬಿಯಾ ದೇಶದಲ್ಲಿ ಆರಂಭವಾಯಿತು. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯ ಆಸ್ಪತ್ರೆಗಳಲ್ಲಿಯೂ ಹಳ್ಳಿಗಳಲ್ಲಿಯೂ ಇದನ್ನು ವ್ಯಾಪಕವಾಗಿ ಜಾರಿಗೆ ತರುವ ಕಾರ್ಯ ನಡೆದಿದೆ. ದಿನಕ್ಕೆ ಕನಿಷ್ಠ 8 ಗಂಟೆ, ಸಾಧ್ಯವಾದಷ್ಟೂ ಹೆಚ್ಚು ಹೊತ್ತು ಈ ಆರೈಕೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸಲಹೆ ಮಾಡಿದೆ. ಅಷ್ಟು ಹೊತ್ತು ಒಂದೆಡೆ ಕುಳಿತಿರುವ ತಾಯಿಗೆ ಕೂಸು ಬದುಕುವುದೋ ಇಲ್ಲವೋ ಎಂಬ ಭಯ ಕಾಡುವುದು ಸಹಜ.

ಈ ವೇಳೆಯಲ್ಲಿ ತಾಯಿ ಮೆಲ್ಲಗೆ ಹಾಡಿದರೆ ಏನಾಗುವುದೆಂದು ಇಸ್ರೇಲಿನ ವೈದ್ಯರು 86 ತಾಯಿ-ಕೂಸುಗಳಲ್ಲಿ ಪರೀಕ್ಷಿಸಿ 2014ರಲ್ಲಿ ವರದಿ ಮಾಡಿದರು. ಎದೆಗಪ್ಪಿಸಿಕೊಂಡು ಹಾಡಿದಾಗ ಕೂಸಿನ ಹೃದಯದ ನಡೆ ಹೆಚ್ಚು ಸ್ಥಿರವಾಗಿತ್ತು, ತಾಯಿಯ ಆತಂಕವೂ ಇಳಿದಿತ್ತು. ಅದಕ್ಕೆ ಒಂದು ವರ್ಷ ಮೊದಲು ಅಮೆರಿಕದ 11 ಆಸ್ಪತ್ರೆಗಳಲ್ಲಿ 272 ಅವಧಿಪೂರ್ವ ಶಿಶುಗಳ ಮೇಲೆ ನಡೆದ ಅಧ್ಯಯನವೂ ತಂದೆತಾಯಿಗಳು ಆರಿಸಿಕೊಟ್ಟ ಹಾಡನ್ನೇ ಜೋಗುಳವಾಗಿ ಹಾಡಿದರೆ ಶಿಶುವಿಗೆ ಹಿತವೆಂದು ತೋರಿಸಿತ್ತು. ಅಲ್ಲಿ ಹಾಡುವವರಿಗೆ ಸಂಗೀತ ಚಿಕಿತ್ಸೆಯಲ್ಲಿ ತರಬೇತಿಯಾದವರ ಮಾರ್ಗದರ್ಶನವಿತ್ತು. ಆದುದರಿಂದ ಶಿಶು ತೀವ್ರ ನಿಗಾ ಘಟಕದಲ್ಲಿರುವಾಗ ಶುಶ್ರೂಷಕಿಯನ್ನು ಕೇಳಿಯೇ ಹಾಡಬೇಕು. ಹಾಡಿದರೂ ಪಿಸುಮಾತಿಗಿಂತ ಸ್ವಲ್ಪ ಮೇಲಿನ ದನಿ ಸಾಕು.

ತುಂಬು ತಿಂಗಳ ಕೂಸಿಗೂ ಹಾಡು ಮಾತಿಗಿಂತ ಹೆಚ್ಚು ಹೊತ್ತು ಸಮಾಧಾನ ಕೊಡುತ್ತದೆ. ಕೆನಡಾ ದೇಶದ ಮಾಂಟ್ರಿಯಲ್ ನಗರದ ಅಧ್ಯಯನವೊಂದರಲ್ಲಿ ಆರರಿಂದ ಒಂಬತ್ತು ತಿಂಗಳ ಕೂಸುಗಳು ಮಾತು ಕೇಳುತ್ತ ಸುಮಾರು 4 ನಿಮಿಷ ಶಾಂತವಾಗಿದ್ದರೆ, ಹಾಡು ಕೇಳುತ್ತ ಸುಮಾರು 9 ನಿಮಿಷ ಶಾಂತವಾಗಿದ್ದವು. ಆ ಹಾಡು ಅವುಗಳಿಗೆ ಪರಿಚಯವಿಲ್ಲದ ತುರ್ಕಿ ಭಾಷೆಯಲ್ಲಿತ್ತು!

ಕೂಸಿಗೆ ಹಾಡು ಕೇಳಿಸುತ್ತಿದೆಯೇ?

ಜೋಗುಳದಿಂದ ಮತ್ತೊಂದು ಮುಖ್ಯ ಉಪಯೋಗವಿದೆ. ಕೂಸಿನ ಕಿವಿ ಸರಿಯಾಗಿದೆಯೇ ಎಂದು ತಾಯಿಗೆ ಮೊದಲು ತಿಳಿಯುವುದು ಅವಳ ದನಿಗೆ ಕೂಸು ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದರಿಂದ. ಎಳೆಕೂಸು ಹಠಾತ್ ಸದ್ದಿಗೆ ಬೆಚ್ಚಬೇಕು. ಅಳುತ್ತಿರುವಾಗ ತಾಯಿಯ ದನಿ ಕೇಳಿ ಕ್ಷಣ ಹೊತ್ತಾದರೂ ಸುಮ್ಮನಾಗಬೇಕು. ಆರು ತಿಂಗಳ ಹೊತ್ತಿಗೆ ಕಣ್ಣಿಗೆ ಕಾಣದ ಕಡೆಯಿಂದ ಹಾಡಿದರೆ ಆ ಕಡೆಗೆ ತಲೆ ತಿರುಗಿಸಬೇಕು. ಕಿವಿ ಕೇಳಿಸದ ಕೂಸು ಕೂಡ ಮೊದಲ ತಿಂಗಳುಗಳಲ್ಲಿ ‘ಊ, ಆ’ ಎಂದು ಸದ್ದು ಮಾಡುವುದರಿಂದ ಮನೆಯವರು ಮೋಸಹೋಗುವುದುಂಟು.

ಸೋದರಮಾವ, ಸೋದರತ್ತೆಯ ಮಗ ಮೊದಲಾದ ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹುಟ್ಟು ಕಿವುಡಿನ ಸಂಭವ ಹೆಚ್ಚು. ಅಂಥ ದಂಪತಿಗಳು ವಿಶೇಷ ಎಚ್ಚರ ವಹಿಸಬೇಕು. ಸಂಶಯ ಬಂದೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಿ ಜಿಲ್ಲಾ ಆಸ್ಪತ್ರೆಗೆ ಹೋಗುವುದು ಸೂಕ್ತ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಪರೀಕ್ಷೆ ಮಾಡಿಸಬಹುದು. ‘ದೊಡ್ಡವನಾದ ಮೇಲೆ ಸರಿಹೋಗುತ್ತದೆ’ ಎಂದು ಕಾದು ಕುಳಿತರೆ ಮಾತು ಕಲಿಯುವ ಅಮೂಲ್ಯ ವರ್ಷಗಳು ಕೈಬಿಟ್ಟುಹೋಗುತ್ತವೆ.

ಪತಿಯ ಹೊಣೆ

ಹಾಡು ಹೆಂಗಸರ ಕೆಲಸವೆಂದು ಪತಿಯಾದವನು ದೂರ ಸರಿಯಬಾರದು. ಕಾಂಗರೂ ಆರೈಕೆಯನ್ನು ತಂದೆಯೂ ಕೊಡಬಹುದು, ಜೋಗುಳವನ್ನು ತಂದೆಯೂ ಹಾಡಬಹುದು. ಭಜನೆ, ಕೋಲಾಟ, ಬಯಲಾಟಗಳಲ್ಲಿ ಹಾಡಿ ಬಲ್ಲ ಗಂಡಸರಿಗೆ ತೊಟ್ಟಿಲ ಮುಂದೆ ಹಾಡಲು ಸಂಕೋಚವೇಕೆ? ರಾತ್ರಿ ಒಂದು ಗಂಟೆಯ ಹೊತ್ತು ಪತಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಹಾಡುತ್ತ ಅಡ್ಡಾಡಿದರೆ ಬಾಣಂತಿಗೆ ಒಂದು ಗಂಟೆಯ ನಿದ್ದೆ ದೊರೆಯುತ್ತದೆ. ಅವಳ ಮನಸ್ಸಿಗೆ ಅದಕ್ಕಿಂತ ದೊಡ್ಡ ಮದ್ದು ಬೇರೆ ಇಲ್ಲ. ಬಾಣಂತನಕ್ಕೆ ಪತ್ನಿ ತವರಿಗೆ ಹೋಗಿದ್ದರೆ ಆಗಾಗ ಹೋಗಿ ನೋಡಿಕೊಂಡು ಬರುವುದು, ಅವಳ ಮಾತನ್ನು ತಾಳ್ಮೆಯಿಂದ ಕೇಳುವುದು ಪತಿಯ ಕರ್ತವ್ಯ. ಮುಂದಿನ ಹೆರಿಗೆಗೆ ಕನಿಷ್ಠ ಮೂರು ವರ್ಷಗಳ ಅಂತರವಿರುವಂತೆ ಇಬ್ಬರೂ ಕೂಡಿ ನಿರ್ಧರಿಸಿ, ತಮಗೆ ಒಪ್ಪುವ ವಿಧಾನವನ್ನು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿಕೊಂಡರೆ ತಾಯಿಯ ದೇಹಕ್ಕೂ ಮನಸ್ಸಿಗೂ ಚೇತರಿಕೆಯ ಕಾಲ ದೊರೆಯುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ದಿನಕ್ಕೆ ಎರಡು ಬಾರಿ, ಹತ್ತು ಹದಿನೈದು ನಿಮಿಷ ಕೂಸಿನೊಡನೆ ಹಾಡಿರಿ. ಹಾಲೂಡಿಸಿದ ಮೇಲೆ ಹಾಗೂ ಮಲಗಿಸುವ ಮುನ್ನ ಒಳ್ಳೆಯ ಸಮಯ.

2. ತಮಗೆ ಬರುವ ಹಾಡನ್ನೇ ಹಾಡಿರಿ. ಜನಪದ ಗೀತೆ, ವಚನ, ದಾಸರ ಪದ, ತತ್ವಪದ, ಸಿನಿಮಾ ಹಾಡು ಯಾವುದಾದರೂ ಸರಿಯೇ. ದನಿ ಚೆನ್ನಾಗಿಲ್ಲವೆಂಬ ಸಂಕೋಚ ಬೇಡ. ಕೂಸಿಗೆ ತಾಯಿತಂದೆಯರ ದನಿಯೇ ಇಂಪು.

3. ಕೂಸು ಅಳುವಾಗ ಮೊದಲು ಹಸಿವೆ, ಒದ್ದೆ ಬಟ್ಟೆ, ಜ್ವರ ಇವುಗಳನ್ನು ನೋಡಿರಿ. ಹಾಲು ಕುಡಿಯದಿರುವುದು, ಮೈ ಸುಡುವುದು ಅಥವಾ ತಣ್ಣಗಾಗುವುದು, ಉಸಿರು ವೇಗವಾಗುವುದು ಕಂಡುಬಂದರೆ ಹಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

4. ಅಳು ನಿಲ್ಲದೆ ಸಿಟ್ಟು ಬಂದಲ್ಲಿ ಕೂಸನ್ನು ಎಂದಿಗೂ ಜೋರಾಗಿ ಅಲುಗಾಡಿಸಬೇಡಿರಿ, ಮಿದುಳಿಗೆ ಪೆಟ್ಟಾಗುತ್ತದೆ. ಕೂಸನ್ನು ಸುರಕ್ಷಿತವಾಗಿ ಅಂಗಾತ ಮಲಗಿಸಿ, ಮನೆಯ ಇನ್ನೊಬ್ಬರನ್ನು ಕರೆಯಿರಿ.

5. ಕೂಸಿನ ಕಿವಿಗೆ ಇಯರ್‌ಫೋನ್ ಹಾಕಬೇಡಿರಿ. ಧ್ವನಿವರ್ಧಕ, ತಮಟೆ, ಪಟಾಕಿಗಳ ಸಮೀಪಕ್ಕೆ ಕೂಸನ್ನು ಒಯ್ಯಬೇಡಿರಿ.

6. ಹಾಡಿನ ನೆಪದಲ್ಲಿ ಮೊಬೈಲ್ ಪರದೆಯನ್ನು ತೋರಿಸಬೇಡಿರಿ. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿದೆ.

7. ಹಾಡಲು ಮನಸ್ಸಿಲ್ಲದ ಬಾಣಂತಿಯನ್ನು ಒತ್ತಾಯಿಸಬೇಡಿರಿ. ಹಿಂದೆ ಹಾಡುತ್ತಿದ್ದವಳು ಈಗ ಪೂರ್ತಿ ಮೌನವಾಗಿದ್ದರೆ ಅದನ್ನೇ ಒಂದು ಲಕ್ಷಣವೆಂದು ತಿಳಿದು ವಿಚಾರಿಸಿರಿ.

ಹಾಡು ಸಾಲದ ಸಂದರ್ಭಗಳು

ಇಂಥ ರಾಗದಿಂದ ಸಕ್ಕರೆ ಕಾಯಿಲೆ ಗುಣವಾಗುತ್ತದೆ, ಇಂಥ ರಾಗದಿಂದ ರಕ್ತದೊತ್ತಡ ಇಳಿದು ಮಾತ್ರೆಯೇ ಬೇಡವಾಗುತ್ತದೆ ಎಂಬ ಮಾತುಗಳನ್ನು ನಂಬಿ ಔಷಧಿ ಬಿಡಬಾರದು. ಸಂಗೀತವು ಚಿಕಿತ್ಸೆಗೆ ಜೊತೆಯಾಗಬಲ್ಲದು, ಚಿಕಿತ್ಸೆಯ ಬದಲಿಗೆ ನಿಲ್ಲಲಾರದು. ಮುಖ್ಯವಾಗಿ ಬಾಣಂತಿಯ ಖಿನ್ನತೆ ಹೆಚ್ಚಾಗಿದ್ದರೆ ವೈದ್ಯರ ಸಲಹೆ, ಆಪ್ತ ಸಮಾಲೋಚನೆ, ಅಗತ್ಯವಿದ್ದಲ್ಲಿ ಔಷಧಿ ಬೇಕೇ ಬೇಕು. ಹಾಲೂಡಿಸುವ ತಾಯಿಗೂ ಕೊಡಬಹುದಾದ ಔಷಧಿಗಳಿವೆ. ಅವನ್ನು ವೈದ್ಯರು ನಿರ್ಧರಿಸುತ್ತಾರೆ.

ಹೆರಿಗೆಯಾದ ಕೆಲವೇ ದಿನಗಳಲ್ಲಿ ತಾಯಿ ನಿದ್ದೆಯಿಲ್ಲದೆ ಅಸಂಬದ್ಧವಾಗಿ ಮಾತನಾಡುವುದು, ಇಲ್ಲದ ದನಿಗಳು ಕೇಳಿಸುತ್ತವೆನ್ನುವುದು, ಕೂಸಿನ ಬಗ್ಗೆ ವಿಪರೀತ ಸಂಶಯಪಡುವುದು ಕಂಡುಬಂದರೆ ಅದು ಜನರು ‘ಬಾಣಂತಿ ಸನ್ನಿ’ ಎಂದು ಕರೆಯುವ ತುರ್ತು ಸ್ಥಿತಿ. ಹಾಗೆಯೇ ತಾಯಿಯು ಸಾಯುವ ಮಾತನಾಡಿದರೆ ಅಥವಾ ಕೂಸಿಗೆ ಅಪಾಯ ಮಾಡುವ ಯೋಚನೆ ಬರುತ್ತಿದೆಯೆಂದು ಹೇಳಿಕೊಂಡರೆ ಅವಳನ್ನು ಗದರಿಸಬಾರದು, ಒಂಟಿಯಾಗಿ ಬಿಡಬಾರದು, ಮಂತ್ರ-ತಾಯಿತಗಳಲ್ಲಿ ಕಾಲ ಕಳೆಯಬಾರದು. ಕೂಡಲೇ 108 ಆಂಬುಲೆನ್ಸ್ ಕರೆಯಿಸಿ ಆಸ್ಪತ್ರೆಗೆ ಒಯ್ಯಬೇಕು. ಮನಸ್ಸಿನ ಯಾವುದೇ ತೊಂದರೆಗೆ ಹಗಲು ರಾತ್ರಿಯೆನ್ನದೆ ಉಚಿತ ಸಲಹೆ ನೀಡುವ ಟೆಲಿ ಮಾನಸ್ ಸೇವೆಯನ್ನು ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿತು. ಅದರ ದೂರವಾಣಿ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಹಳ್ಳಿಯ ಆಶಾ ಕಾರ್ಯಕರ್ತೆಗೂ ಆರೋಗ್ಯ ಸಹಾಯಕಿಗೂ ತಿಳಿಸಬಹುದು.

ಕೂಸಿಗೆ ಹಾಲು ಎಷ್ಟು ಅವಶ್ಯಕವೋ ಹಾಲೂಡುವ ತಾಯಿಗೆ ನೆಮ್ಮದಿಯೂ ಅಷ್ಟೇ ಅವಶ್ಯಕ. ನಮ್ಮ ಹಿರಿಯ ಹೆಣ್ಣುಮಕ್ಕಳು ಬಿಟ್ಟುಹೋದ ಜೋಗುಳಗಳು ಆ ನೆಮ್ಮದಿಗೆ ಒಂದು ದಾರಿ. ಮನೆಯಲ್ಲಿರುವ ಅಜ್ಜಿಯನ್ನು ಕೇಳಿ ಇಂದೇ ಒಂದು ಹಾಡನ್ನು ಕಲಿಯಿರಿ, ಪತಿಪತ್ನಿಯರಿಬ್ಬರೂ ಹಾಡಿರಿ. ಹಾಡಿನಿಂದಲೂ ಹಗುರವಾಗದ ದುಃಖವಿದ್ದಲ್ಲಿ ಮುಚ್ಚಿಡದೆ ವೈದ್ಯರ ಬಳಿಗೆ ಹೋಗಿರಿ. ತಾಯಿ ನಗುತ್ತಿದ್ದರೆ ತೊಟ್ಟಿಲೂ ನಗುತ್ತದೆ.